ಎರಡನೇ ಶೂ ಕಟ್ಟುವಷ್ಟರಲ್ಲಿ

ಕನ್ನಡಕದಕ್ಕನ ಗಂಡ ಚೌಕಾಸಿಗೆ ನಿಂತನೆಂದರೆ ತಕ್ಕಡಿಯ ಮುಳ್ಳೇ ನಾಚಿ ಪಕ್ಕಕ್ಕೆ ತಿರುಗುತ್ತಿತ್ತಂತೆ. ಹಲ್ಲಿನ ಡಾಕ್ಟರು ಎರಡು ಹಲ್ಲು ಕೀಳಬೇಕು ಎಂದರೆ, "ಒಂದೂವರೆಗೆ ಮುಗಿಸಿ ಸಾರ್" ಎಂದು ಬಾಯಿ ಮುಚ್ಚಿ ಕೂರುವ ಆಸಾಮಿ. ಬಸ್ ಡಿಪೋದಲ್ಲಿ ಟೈರು ಬದಲಿಸುವ ಕೆಲಸ. ಆ ಗದ್ದಲದಲ್ಲಿ ಪಳಗಿದ ಗಂಟಲು ಪಿಸುಗುಟ್ಟಿದರೂ ಮೂರನೇ ಬೀದಿಯ ನಾಯಿ ಎದ್ದು ಕೂರುತ್ತಿತ್ತು. ಅವನ ಹೆಂಡತಿ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ಅಂಚು ಸವೆಸಿ ಫ್ರೇಮಿಗೆ ಕೂರಿಸುವವಳು. ಅದಕ್ಕೇ ಬೀದಿಗೆಲ್ಲ ಕನ್ನಡಕದಕ್ಕ. ಮಾತು ಕಮ್ಮಿ. ಇಬ್ಬರ ಪಾಲಿನ ಮಾತನ್ನೂ ಗಂಡ ಆಡಿ ಮುಗಿಸುತ್ತಿದ್ದುದರಿಂದ ಅವಳಿಗೆ ಉಳಿಯುತ್ತಲೂ ಇರಲಿಲ್ಲ.

ಬಾಡಿಗೆ ಮನೆ ಸಾಕಾಗಿ ಸ್ವಂತದ್ದು ಹುಡುಕಲು ಹೊರಟಾಗ ಅವಳೊಮ್ಮೆ ಬಾಯಿ ಬಿಟ್ಟಿದ್ದಳು. "ರೀ, ಕೊಳ್ಳುವವರ ಕಡೆಯಿಂದ ನೋಡೋ ಏಜೆಂಟ್ ಇರ್ತಾರಂತೆ. ಒಂದು ಮಾತು ಕೇಳೋಣ್ವಾ?"

"ನನ್ನ ನಾಲಿಗೆ ಸತ್ತಿದೆಯೇನೇ? ಇದು ಬಿಟ್ಟಿ ಮಾಡೋ ಕೆಲಸಕ್ಕೆ ಇನ್ನೊಬ್ಬರನ್ನ ಯಾಕೆ ಸಾಕಬೇಕು?"

ಅವನದೊಂದು ವರಸೆ ಇತ್ತು. ಮೊದಲು ಮನೆಯನ್ನು ಬೈಯಬೇಕು: ಗೋಡೆಗೆ ಕಾಮಾಲೆ, ಬಾಗಿಲಿಗೆ ಸೊಟ್ಟಗಾಲು, ಅಡುಗೆಮನೆಯೋ ಬೆಂಕಿಪೊಟ್ಟಣ. ಆಮೇಲೆ ಅರ್ಧಕ್ಕೆ ಕೇಳಬೇಕು. ಒಪ್ಪದಿದ್ದರೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಶೂ ಕಟ್ಟಿಕೊಳ್ಳಬೇಕು. "ಎರಡನೇ ಶೂ ಕಟ್ಟುವಷ್ಟರಲ್ಲಿ ಕರೀತಾರೆ, ನೋಡ್ತಿರು" ಎನ್ನುತ್ತಿದ್ದ. ಯಾರೂ ಕರೆಯಲಿಲ್ಲ. ಆ ವರ್ಷ ಊರಿನಲ್ಲಿ ಮಾರಾಟಕ್ಕಿದ್ದ ಮನೆಗಳ ಮುಂದೆಲ್ಲ ಅವನು ಶೂ ಕಟ್ಟಿ ಕಟ್ಟಿ ಲೇಸು ಜನಿವಾರದಷ್ಟು ಸಣ್ಣಗಾಯಿತು. ಮನೆ ಮಾತ್ರ ಆಗಲಿಲ್ಲ.

ಆಗ ಕನ್ನಡಕದ ಕಡ್ಡಿ ಮುರಿಸಿಕೊಂಡು ಅಂಗಡಿಗೆ ಬಂದವಳು ಸುತ್ತಿಗೆ ಮೇಡಂ. ಕೈಚೀಲದಲ್ಲಿ ಸದಾ ಒಂದು ಪುಟ್ಟ ಸುತ್ತಿಗೆ. ಅದರಿಂದ ಗೋಡೆ ತಟ್ಟಿ ಕಿವಿಗೊಟ್ಟರೆ ಗೋಡೆ ತನ್ನ ಕಾಯಿಲೆಯನ್ನೆಲ್ಲ ತಾನೇ ಹೇಳಿಕೊಳ್ಳುತ್ತದೆ ಎಂಬ ಖ್ಯಾತಿ. ಕಡ್ಡಿ ಕೂರಿಸುತ್ತ ಕನ್ನಡಕದಕ್ಕ ತನ್ನ ಗೋಳು ಹೇಳಿಕೊಂಡಳು.

"ನೋಡಿಯಮ್ಮ," ಎಂದಳು ಮೇಡಂ, "ನಿಮಗೆ ಮನೆ ತೋರಿಸೋ ಏಜೆಂಟ್ ಕುರ್ಚಿ ಕೊಡ್ತಾನೆ, ನೀರು ಕೊಡ್ತಾನೆ, ಅಕ್ಕ ಅಂತಾನೆ. ಅವನಿಗೆ ಕಮಿಷನ್ ಕೊಡೋದು ಮಾತ್ರ ಮಾರುವವರು. ಅನ್ನ ಹಾಕಿದವರ ಕಡೆ ಮಾತಾಡೋದು ನ್ಯಾಯವೇ. ನನಗೆ ಅನ್ನ ಹಾಕೋರು ಕೊಳ್ಳುವವರು. ಅಷ್ಟೇ ವ್ಯತ್ಯಾಸ."

ಕನ್ನಡಕದಕ್ಕ ತನ್ನ ಕೈಗಂಟು ಬಿಚ್ಚಿದಳು. ಗಂಡನಿಗೆ ತಿಳಿಸಲಿಲ್ಲ. ಮೇಡಂ ಒಂದು ಮನೆ ಹುಡುಕಿದಳು. ಮಾರುವವರು ವಯಸ್ಸಾದ ದಂಪತಿ, ಮಗಳ ಊರಿಗೆ ಹೊರಟವರು. ಅಡುಗೆಮನೆಯ ಹಿಂಗೋಡೆ ತಟ್ಟಿ ಒಳಗೆ ನೀರು ಇಳಿದಿದೆ ಎಂದು ತೋರಿಸಿ, ರಿಪೇರಿಗೆ ಎಷ್ಟಾದೀತೆಂದು ವಿವರಿಸಿ, ಮಾತು ಬೆಳೆಸದೆ ಬೆಲೆ ಇಳಿಸಿಕೊಂಡು ಬಂದಳು. ಉಳಿದದ್ದು ಒಂದೇ ತೊಡಕು.

"ಯಜಮಾನರಿಗೆ ಹೇಳಿಬಿಡಿ."

"ತಾವು ಗೆಲ್ಲದ ಮನೇಲಿ ಅವರು ಒಂದು ಲೋಟ ನೀರೂ ಕುಡಿಯಲ್ಲ, ಮೇಡಂ." ಕನ್ನಡಕದಕ್ಕ ತಲೆ ತಗ್ಗಿಸಿಕೊಂಡೇ ತನ್ನ ಉಪಾಯ ಹೇಳಿದಳು. ಅವರೇ ಬಂದು ಚೌಕಾಸಿ ಮಾಡಲಿ. ಮನೆಯವರು ಮೊದಲು ಒಪ್ಪದಿರಲಿ. ಎರಡನೇ ಶೂ ಕಟ್ಟುವಾಗ ಕರೆದು, ಆಗಲೇ ಮಾತಾದ ಬೆಲೆ ಹೇಳಿಬಿಡಲಿ.

ಮೇಡಂ ಹೊಸ ಕಡ್ಡಿಯ ಕನ್ನಡಕ ಹಾಕಿಕೊಂಡು ಅವಳನ್ನು ಒಂದು ಗಳಿಗೆ ನೋಡಿದಳು. "ಇದು ಮೋಸ ಅಲ್ಲ ಬಿಡಿ. ಮೋಸದ ಪಕ್ಕದ ಮನೆ. ನಡುವಿನ ಗೋಡೆ ಮಾತ್ರ ಬಹಳ ತೆಳ್ಳಗಿರುತ್ತೆ, ನೆನಪಿರಲಿ."

ನಾಟಕ ಸಾಂಗವಾಗಿ ನಡೆಯಿತು. ಮನೆ ಅವರದಾಯಿತು. ಡಿಪೋದಲ್ಲಿ ಕಥೆ ಶುರುವಾಯಿತು. ಮೊದಲ ವಾರ ಮುದುಕ ಬಾಗಿಲಿಂದ ಕರೆದಿದ್ದ. ತಿಂಗಳು ಕಳೆಯುವಷ್ಟರಲ್ಲಿ ಗೇಟಿನ ತನಕ ಓಡಿ ಬಂದಿದ್ದ. ಬೇಸಿಗೆಯ ಹೊತ್ತಿಗೆ ಮುದುಕ ಮುದುಕಿ ಇಬ್ಬರೂ ಬಸ್ ಸ್ಟಾಪಿನವರೆಗೆ ಅಟ್ಟಿಸಿಕೊಂಡು ಬಂದು ಕಾಲು ಹಿಡಿದಿದ್ದರು. ಕನ್ನಡಕದಕ್ಕನಿಗೋ, ಮನೆಗೆ ಬಂದವರ ಮುಂದೆ ಈ ಕಥೆ ಶುರುವಾದರೆ ಸಾಕು, ಅಡುಗೆಮನೆಯಿಂದ ಏನೋ ಸೀದ ವಾಸನೆ ಬರುತ್ತಿತ್ತು. ಎದ್ದು ಹೋಗುತ್ತಿದ್ದಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಖಾಲಿ ಒಲೆಯನ್ನೇ ನೋಡುತ್ತ, ನಗು ಮುಗಿಯುವವರೆಗೆ ನಿಂತು ಬರುತ್ತಿದ್ದಳು.

ಹೀಗೇ ಸಾಗಿದ್ದರೆ ಆ ತಪ್ಪು ಗಂಡ ಹೆಂಡಿರ ನಡುವೆಯೇ ಮುದಿಯಾಗಿ ಸಾಯುತ್ತಿತ್ತೇನೋ. ಆದರೆ ನಾದಿನಿ ಮನೆ ಕೊಳ್ಳಲು ಹೊರಟಳು.

ನಾದಿನಿ ಎಂದರೆ ಗಂಡನ ಒಬ್ಬಳೇ ತಂಗಿ. ಐವತ್ತು ದಾಟಿದರೂ ಅಣ್ಣನ ಬಾಯಲ್ಲಿ ಪುಟ್ಟಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತೇ ದುಡಿದು ಮಂಡಿ ಸವೆಸಿಕೊಂಡವಳು. ವಾಸ ಮೂರನೇ ಮಹಡಿ, ಲಿಫ್ಟ್ ಇಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಅಲ್ಲಿ ಕೂತು ಸುಧಾರಿಸಿಕೊಂಡು ಹತ್ತುತ್ತಿದ್ದಳು. ಬೆಳಿಗ್ಗೆ ಮರೆತ ಉಪ್ಪು ನೆನಪಾದರೆ ಸಪ್ಪೆಯೇ ಉಣ್ಣುತ್ತಿದ್ದಳು, ಇಳಿಯುತ್ತಿರಲಿಲ್ಲ. ಅವಳಿಗೆ ಒಂದು ಮನೆ ಕಣ್ಣಿಗೆ ಬಿದ್ದಿತ್ತು. ಎರಡೇ ಕೋಣೆ, ಆಸ್ಪತ್ರೆಗೆ ಹತ್ತಿರ, ಬೀದಿಯಿಂದ ಒಳಗೆ ಹೋಗಲು ಒಂದು ಮೆಟ್ಟಿಲೂ ಇಲ್ಲ. ಮಾಲೀಕಳು ನಿವೃತ್ತ ನರ್ಸಮ್ಮ.

ಒಂದು ಸಂಜೆ ಅವಳು ಅಂಗಡಿಯ ಹಿಂದಿನ ಬಾಗಿಲಿಗೇ ಬಂದಳು. "ಅತ್ತಿಗೆ, ನಿಜ ಹೇಳಿ. ಅಣ್ಣನ್ನ ಕರ್ಕೊಂಡು ಹೋಗ್ಲಾ, ಇಲ್ಲಾ ಯಾರನ್ನಾದ್ರೂ ಏಜೆಂಟ್ ಇಟ್ಕೊಳ್ಳಲಾ? ಇಂಥ ಮನೆ ನನಗೆ ಇನ್ನೊಂದು ಸಿಗಲ್ಲ. ಅಣ್ಣನ್ನ ಕೇಳಿದ್ರೆ ಏನಂತಾನೆ ಗೊತ್ತಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿದೀನಿ."

ಕನ್ನಡಕದಕ್ಕನ ಕೈಯಲ್ಲಿದ್ದ ಗಾಜು ಸಾಣೆಗೆ ತಾಗಿ ಕಿರ್ರೆಂದಿತು. ನಿಜ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಹಿಂದಕ್ಕೆ ನುಂಗಿ ಅಂದಳು: "ನಿಮ್ಮಣ್ಣ ಇರುವಾಗ ಏಜೆಂಟ್ ಯಾಕೆ, ಪುಟ್ಟಿ."

"ಸರಿ, ನೀವು ಹೇಳಿದ್ಮೇಲೆ ಮುಗೀತು" ಎಂದು ನಾದಿನಿ ನಿರಾಳವಾಗಿ ಹೊರಟಳು. ಅಂದು ಕನ್ನಡಕದಕ್ಕ ಸವೆಸಿದ ಗಾಜು ಒಂದೂ ಫ್ರೇಮಿಗೆ ಕೂರಲಿಲ್ಲ.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ನರ್ಸಮ್ಮನ ಮನೆಗೆ ಹೋದರು. ಪುಟ್ಟಿಯ ಆಸೆ ಮುಖದಲ್ಲೇ ಕಾಣುತ್ತದೆ, ಬೆಲೆ ಏರುತ್ತದೆ ಎಂದು ಅವಳನ್ನು ಅಣ್ಣನೇ ಮನೆಯಲ್ಲಿ ಬಿಟ್ಟಿದ್ದ. ಎಂದಿನಂತೆ ಬೈಗುಳದಿಂದ ಶುರು. ಗೋಡೆಗೆ ಕಾಮಾಲೆ ಎಂದ. ನರ್ಸಮ್ಮ ಎಷ್ಟು ಜನ ಕಾಮಾಲೆಯ ರೋಗಿಗಳನ್ನು ಕಂಡಿದ್ದಳೋ, ಮಿಸುಕಲಿಲ್ಲ. ಅರ್ಧ ಬೆಲೆಗೆ ಕೇಳಿದ.

"ಎಲ್ಲ ಹೇಳಿ ಆಯ್ತಾ?" ಎಂದಳು ನರ್ಸಮ್ಮ. "ಇಷ್ಟು ಕೆಟ್ಟ ಮನೇನ ನಿಮ್ಮ ತಂಗಿ ತಲೆಗೆ ಕಟ್ಟೋ ಪಾಪ ನನಗೆ ಬೇಡ. ನಾಳೆ ಇನ್ನೊಬ್ಬರು ಬರ್ತಿದ್ದಾರೆ. ಹೋಗಿಬನ್ನಿ."

ಅವನು ಹೊರಗೆ ಕೂತು ಒಂದು ಶೂ ಕಟ್ಟಿದ. ಎರಡನೆಯದನ್ನು ಕಟ್ಟಿದ. ಬಿಚ್ಚಿ ಮತ್ತೆ ಕಟ್ಟಿದ. ಒಳಗೆ ಚಿಲಕ ಬಿದ್ದ ಸದ್ದು ಕೇಳಿತು. ಬೀದಿಯ ತಿರುವಿನಲ್ಲಿ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದ. "ಬರ್ತಾಳೆ ಕಣೇ. ಆ ಮುದುಕನೂ ಸ್ವಲ್ಪ ತಡ ಮಾಡಿದ್ದ." ಪಕ್ಕದಲ್ಲಿ ನಿಂತವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಭೂಮಿಗೆ ಬೇರೆ ಕೆಲಸವಿತ್ತು.

ಸುದ್ದಿ ಹೇಳಲು ಪುಟ್ಟಿಯ ಮನೆಯ ಮೆಟ್ಟಿಲು ಹತ್ತಿದರು. ಮೇಲಿನಿಂದ ಅವಳ ದನಿ ಇಳಿದು ಬಂತು: "ಅಣ್ಣಾ, ಎಷ್ಟಕ್ಕೆ ಒಪ್ಪಿದ್ರು?"

ಅವನು ಎರಡನೇ ಮಹಡಿಯ ತಿರುವಿನಲ್ಲಿ, ತಂಗಿಯ ಕುರ್ಚಿಯ ಮೇಲೆ ಕುಸಿದು ಕೂತ. "ನನ್ನ ನಾಲಿಗೆಗೆ ಏನಾಯ್ತೇ? ನಮ್ಮ ಮನೆಗೆ ಆಗಿದ್ದು ಇದಕ್ಕೆ ಯಾಕೆ ಆಗಲಿಲ್ಲ?"

ಇನ್ನು ತಡೆದರೆ ನಾಳೆ ಬರುವವರು ಮನೆ ಕೊಂಡುಬಿಡುತ್ತಾರೆ. ಪುಟ್ಟಿ ಈ ಕುರ್ಚಿಯಲ್ಲೇ ಮುದುಕಿಯಾಗುತ್ತಾಳೆ. ಕನ್ನಡಕದಕ್ಕ ಕಂಬಿ ಹಿಡಿದುಕೊಂಡಳು.

"ನಮ್ಮ ಮನೆಗೂ ಆಗಿರಲಿಲ್ಲ ರೀ." ಸುತ್ತಿಗೆ ಮೇಡಂ, ಕೈಗಂಟು, ಹಿಂಗೋಡೆಯ ನೀರು, ಎರಡನೇ ಶೂ, ಎಲ್ಲ ಹೇಳಿದಳು. ಮದುವೆಯಾದಾಗಿನಿಂದ ಒಟ್ಟಿಗೆ ಅಷ್ಟು ಮಾತು ಅವಳು ಆಡಿರಲಿಲ್ಲ. ಕೊನೆಗೆ, ಪುಟ್ಟಿ ಕೇಳಿದಾಗ ಸುಳ್ಳು ಹೇಳಿದ್ದನ್ನೂ ಸೇರಿಸಿದಳು.

ಕೆಳಗಿನ ಮನೆಯ ಕುಕ್ಕರ್ ಕೂಗಿ ಸುಮ್ಮನಾಯಿತು.

"ಆ ಮುದುಕ ಕರೆದಿದ್ದು?"

"ಹೇಳಿಕೊಟ್ಟಿದ್ದು."

"ಚಪ್ಪಲಿ ಹಾಕ್ಕೊಳ್ದೆ ಬಾಗಿಲಿಗೆ ಓಡಿ ಬಂದ್ನಲ್ಲೇ."

"ಅದು ಹೇಳಿಕೊಟ್ಟಿರಲಿಲ್ಲ. ಅವರೇ ಸೇರಿಸಿದ್ದು."

ಅವನು ತಲೆಯಾಡಿಸಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಒಂದು ಹಬ್ಬ ಆಗುತ್ತಿತ್ತು. "ಆ ಮೇಡಂಗೆ ಫೋನ್ ಮಾಡು" ಎಂದ, ಕೆಳಗಿನ ಮೆಟ್ಟಿಲನ್ನು ನೋಡುತ್ತ. "ನಾಳೆ ಆದ್ರೆ ಕೈತಪ್ಪುತ್ತೆ."

ತಲೆಯೆತ್ತಿದರೆ, ಮೇಲಿನ ಕಂಬಿಗೆ ಒರಗಿ ಪುಟ್ಟಿ ನಿಂತಿದ್ದಳು. ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಅಂದದ್ದು ಒಂದೇ ಮಾತು. "ಅತ್ತಿಗೆ, ಅಣ್ಣನ್ನ ಬಿಟ್ಟು ನಿಮ್ಮನ್ನ ಕೇಳಿದ್ದೆ ನಾನು."

ಮೇಡಂ ಅಂದೇ ಸಂಜೆ ನರ್ಸಮ್ಮನ ಬಾಗಿಲು ತಟ್ಟಿದಳು, ಸುತ್ತಿಗೆಯಿಂದಲ್ಲ, ಬೆರಳಿನಿಂದ. ಗೋಡೆಗಳನ್ನು ಬೈದದ್ದಕ್ಕೆ ಕ್ಷಮೆ ಕೇಳಿದಳು. ಮನೆ ಗಟ್ಟಿಯಾಗಿದೆ, ಕೇಳುವ ಬೆಲೆ ನ್ಯಾಯವಾಗಿದೆ, ಇಳಿಸಲು ಜಾಗವಿಲ್ಲ ಎಂದು ಪುಟ್ಟಿಗೆ ನೇರವಾಗಿ ಹೇಳಿದಳು. ನರ್ಸಮ್ಮ ಹೇಳಿದ್ದಕ್ಕಿಂತ ಒಂದು ಬಿಡಿಗಾಸೂ ಕಮ್ಮಿಯಾಗಲಿಲ್ಲ. ಆದರೂ ಮನೆ ಆಯಿತು. ಪುಟ್ಟಿ ಬೀದಿಯಿಂದ ಹೊಸ ಮನೆಯೊಳಗೆ ನೇರ ನಡೆದು ಹೋದಳು, ಎಲ್ಲೂ ಕೂರದೆ. ಅತ್ತಿಗೆಯನ್ನು ಕಂಡರೆ ಈಗಲೂ ನಗುತ್ತಾಳೆ, ಊಟ ಆಯಿತಾ ಎಂದು ವಿಚಾರಿಸುತ್ತಾಳೆ. ಯಾವುದನ್ನು ಕೊಳ್ಳಲಿ, ಯಾವುದನ್ನು ಬಿಡಲಿ ಎಂದು ಮಾತ್ರ ಮತ್ತೆ ಕೇಳಿಲ್ಲ.

ಡಿಪೋದಲ್ಲಿ ಕಥೆ ನಿಂತಿತು. ಹುಡುಗರು ಕೆಣಕಿದರೆ "ಅದು ನಮ್ಮ ಮನೆಯವಳ ಕೆಲಸ ಕಣ್ರೋ" ಎಂದು ಟೈರಿನ ಕಡೆ ತಿರುಗುತ್ತಿದ್ದ. ಗಂಟಲು ಎಷ್ಟು ಇಳಿಯಿತೆಂದರೆ ಮೂರನೇ ಬೀದಿಯ ನಾಯಿ ನಿಶ್ಚಿಂತೆಯಿಂದ ಮಲಗಿ ಮೈ ಬೆಳೆಸಿಕೊಂಡಿತು.

ಪುಟ್ಟಿಯ ಮನೆಗೊಂದು ಮೇಜು ಕೊಡಿಸಲು ಇಬ್ಬರೂ ಹಳೇ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯವನಿಗೆ ಇವನ ಕೀರ್ತಿ ಗೊತ್ತಿತ್ತು. ಮೈಗೆ ಕವಚ ತೊಟ್ಟವನಂತೆ ದುಪ್ಪಟ್ಟು ಹೇಳಿ ಕಾದ. ಇವನು ಸುಮ್ಮನೆ ಜೇಬಿಗೆ ಕೈ ಹಾಕಿದ. ಅಂಗಡಿಯವ ಗಾಬರಿಯಾದ.

"ಯಾಕಣ್ಣ, ಮೈಗೆ ಹುಷಾರಿಲ್ವಾ? ಹೋಗ್ಲಿ, ಸ್ವಲ್ಪ ಬಿಡ್ತೀನಿ."

ಇವನು ನೋಟು ಎಣಿಸತೊಡಗಿದ.

"ಇನ್ನೂ ಸ್ವಲ್ಪ ಬಿಡ್ತೀನಿ. ಒಂದು ಕಾಲು ಅಲ್ಲಾಡುತ್ತೆ ಅಂತಾದ್ರೂ ಬೈಯಣ್ಣ."

ತನ್ನೊಡನೆ ತಾನೇ ಚೌಕಾಸಿ ಮಾಡಿ, ತಾನೇ ಸೋತು, ಅಂಗಡಿಯವ ಅಸಲಿಗೇ ಮೇಜು ಕೊಟ್ಟು ಬೆವರು ಒರೆಸಿಕೊಂಡ.

ಒಂದು ತುದಿ ಗಂಡ, ಇನ್ನೊಂದು ತುದಿ ಹೆಂಡತಿ ಹಿಡಿದು ಮೇಜನ್ನು ಹೊತ್ತು ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವಳು ಮೆಲ್ಲಗೆ ಅಂದಳು, "ನೋಡಿದ್ರಾ, ನಿಮ್ಮ ಹೆಸರಿಗೇ ಹೆದರಿ ಬೆಲೆ ಇಳಿಸಿದ."

ಅವನು ನಿಂತ. ಮೇಜೂ ನಿಂತಿತು. ಸಿಟ್ಟಿಲ್ಲದ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ದನಿಯಲ್ಲಿ ಕೇಳಿದ:

"ನೀನು ಮೊದಲೇ ಬಂದು ಅವನಿಗೆ ಹೇಳಿಟ್ಟು ಹೋಗಿರಲಿಲ್ಲ ತಾನೇ?"

"ಇಲ್ಲ ರೀ, ಆಣೆಗೂ ಇಲ್ಲ" ಎಂದಳು.

ಅವನು ಒಪ್ಪಿಕೊಂಡವನಂತೆ ತಲೆಯಾಡಿಸಿ, ತನ್ನ ತುದಿಯನ್ನು ಮತ್ತೆ ಎತ್ತಿಕೊಂಡ. ಅವನು ನಂಬಲಿಲ್ಲವೆಂಬುದು ಮೇಜಿನ ಭಾರದಲ್ಲೇ ಅವಳ ಕೈಗೆ ತಿಳಿಯಿತು.