ಬೀಗರೂಟದ ಸಾಲಿನಲ್ಲಿ

ಮಳವಳ್ಳಿ ಕಡೆಯ ಹಳ್ಳಿಯೊಂದಕ್ಕೆ ತಂಗಿ ಮಗಳನ್ನು ಕೊಟ್ಟು, ಅಲ್ಲಿಗೆ ಬೀಗರೂಟಕ್ಕೆ ಹೋಗಿದ್ದೆವು. ಎಲೆಗೆ ಮುದ್ದೆ ಬಿದ್ದಿತ್ತು, ಸಾರು ಇನ್ನೇನು ಬರಬೇಕು, ಪಕ್ಕದಲ್ಲಿದ್ದ ದೊಡ್ಡಪ್ಪ ಏಳಲು ಹೊರಟರು. ಎಪ್ಪತ್ತು ದಾಟಿದವರು. ಬೆಳಗ್ಗೆಯಿಂದ ಆಗಾಗ ಶಾಮಿಯಾನದ ಹಿಂದಕ್ಕೆ ಹೋಗಿ ಬರುತ್ತಲೇ ಇದ್ದರು. ಸಾಲಿನ ನಡುವೆ ಎದ್ದರೆ ಬೀಗರು ಏನೆಂದುಕೊಂಡಾರು ಎಂದು ನಾನು ಕೈಹಿಡಿದು ಕೂರಿಸಿದೆ.

“ಒಸಿ ತಡ್ಕೊ ದೊಡ್ಡಪ್ಪ, ಉಂಡ್ಮೇಲೆ ಓಗಿವಂತೆ.”

ಎದುರಿಗಿದ್ದ ನಮ್ಮ ಭಾವ ಬಿಡಲಿಲ್ಲ. “ಮಾವನ ನಲ್ಲಿ ವಾಷರ್ ಓಗ್ಬುಟ್ಟದೆ ಕಣ್ಲಾ, ಅತ್ತಾಗ್ ಬುಡ್ಲಾ!”

ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ದೊಡ್ಡಪ್ಪ ತಲೆ ತಗ್ಗಿಸಿ ಮುದ್ದೆ ಮುರಿದರು.

ಊಟವಾದ ಮೇಲೆ ಹಿಂದಕ್ಕೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಹಣೆಯಲ್ಲಿ ಬೆವರು, ಕೈ ಕಿಬ್ಬೊಟ್ಟೆಯ ಮೇಲೆ. “ಒಟ್ಟೆ ಬಿಗೀತದೆ” ಎಂದಷ್ಟೇ ಹೇಳಿದರು. ಸುತ್ತ ಹೆಂಗಸರಿದ್ದರು. ಬಾಡೂಟ ಜೀರ್ಣವಾಗಿಲ್ಲ ಎಂದು ನಾನು ತೀರ್ಮಾನಿಸಿದೆ. ನಿಂಬೆ ಸೋಡಾ ಕುಡಿಸಿದೆ. ಇನ್ನೊಂದು ಕುಡಿಸಿದೆ. ಮೇಲೆ ಒಂದು ಚೊಂಬು ಬಿಸಿನೀರು. ಓದಿದವನು ಹೇಳುತ್ತಿದ್ದಾನೆಂದು ಅವರು ಗುಟುಕು ಗುಟುಕಾಗಿ ಎಲ್ಲವನ್ನೂ ಕುಡಿದರು.

ನಾನು ಓಡಿಸುತ್ತಿದ್ದ ಕಾರು ಮದ್ದೂರು ತಲುಪುವಷ್ಟರಲ್ಲಿ ಅವರು ಸೀಟನ್ನು ಗಟ್ಟಿಯಾಗಿ ಹಿಡಿದಿದ್ದರು.

“ಉಚ್ಚೆ ಕಟ್ಕಂಡದೆ ಕಣ್ಲಾ. ಒಂದ್ ತೊಟ್ಟೂ ಬತ್ತಿಲ್ಲ.”

“ಆಗ್ಲೇ ಯೋಳ್ಬಾರ್ದಾ?”

“ಎಲ್ರೂ ನಗಾಡ್ತಿದ್ರಿ. ಏನಂತ ಯೋಳ್ಲಿ?”

ಮಂಡ್ಯದವರೆಗೂ ಪ್ರತಿ ಉಬ್ಬಿನಲ್ಲೂ ಅವರು ಕೂಗಿಕೊಂಡರು. ನಿಧಾನ ಮಾಡಿದರೆ ತಡ, ಜೋರು ಮಾಡಿದರೆ ನೋವು. ಈಗಲೂ ಉಬ್ಬು ಕಂಡರೆ ದೂರದಿಂದಲೇ ಬ್ರೇಕ್ ಒತ್ತುತ್ತೇನೆ.

ಆಸ್ಪತ್ರೆಯಲ್ಲಿ ಕೊಳವೆ ಹಾಕಿದ ಕೂಡಲೇ ಚೀಲ ತುಂಬತೊಡಗಿತು. ದೊಡ್ಡಪ್ಪ ಕಣ್ಣು ಮುಚ್ಚಿ ಅತ್ತರು. ಪ್ರಾಸ್ಟೇಟ್ ದೊಡ್ಡದಾಗಿದೆ, ಅಂಥವರು ತಡೆದು ಕೂತರೆ ಹೀಗೆ ಪೂರ್ತಿ ಕಟ್ಟಿಕೊಳ್ಳಬಹುದು, ಇನ್ನೂ ತಡವಾಗಿದ್ದರೆ ಕಿಡ್ನಿಗೇ ಪೆಟ್ಟಾಗುತ್ತಿತ್ತು ಎಂದರು ಡಾಕ್ಟರು. “ನೋವು ಶುರುವಾದ ಮೇಲೆ ನೀರೇನಾದರೂ ಕುಡಿದರಾ?”

“ಸ್ವಲ್ಪ” ಎಂದೆ.

ಈಗ ಅವರು ಆಪರೇಷನ್ನಿಗೆ ಕಾಯುತ್ತ ಕೆರಗೋಡಿನ ಮನೆಯಲ್ಲಿದ್ದಾರೆ. ನೋಡಲು ಬಂದವರಿಗೆಲ್ಲ ನನ್ನನ್ನು ತೋರಿಸಿ, “ಇವ್ನು ಕಾರ್ ಓಡಿಸ್ದೆ ಇದ್ದಿದ್ರೆ ಓಗೇ ಬುಡ್ತಿದ್ದೆ” ಎನ್ನುತ್ತಾರೆ. ನಿನ್ನೆ ನನಗೆ ತಡೆಯಲಾಗಲಿಲ್ಲ.

“ಇಲ್ಲ ದೊಡ್ಡಪ್ಪ, ನಾನೇ ನಿನ್ನ...”

“ಸುಮ್ಕಿರ್ಲಾ” ಎಂದರು, ಚೀಲದ ಮೇಲೆ ಟವೆಲ್ ಎಳೆದುಕೊಳ್ಳುತ್ತ. “ಬಂದೋರ್ ಮುಂದೆ ಅದೆಲ್ಲ ಯಾಕೆ?”