ಮಹಡಿ ಮನೆಯ ಮೊಮ್ಮಗಳು

2020ರ ಯುಗಾದಿಯ ದಿನವೇ ದೇಶಕ್ಕೆಲ್ಲ ಬೀಗ ಬಿತ್ತು. ಹಿಂದಿನ ಸಂಜೆ ಬಿಳೇಕಹಳ್ಳಿಯ ನಮ್ಮ ಬೀದಿಯಲ್ಲಿ ಮಾವಿನೆಲೆ, ಬೇವಿನ ಸೊಪ್ಪು ಮಾರುತ್ತಿದ್ದವರು ಬೆಳಗಾಗುವಷ್ಟರಲ್ಲಿ ಎಲ್ಲೋ ಮಾಯವಾಗಿದ್ದರು. ಬನ್ನೇರುಘಟ್ಟ ರಸ್ತೆ ಅಷ್ಟು ಮೌನವಾಗಿದ್ದುದನ್ನು ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನೋಡಿಯೇ ಇರಲಿಲ್ಲ.

ಮನೆಯಲ್ಲಿ ನಾವು ಮೂವರು: ನನ್ನ ಗಂಡ ಮಂಜುನಾಥ್, ಅತ್ತೆ ಗೌರಮ್ಮ, ನಾನು. ಅತ್ತೆಯವರದು ಇಲ್ಲಿನ ಹಳೆಯ ಮನೆತನ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಮನೆಯಿದೆ, ಮೇಲೆ ಬಾಡಿಗೆಗೆ ಕೊಡುವ ಸಣ್ಣ ಮಹಡಿ ಮನೆಯಿದೆ. ನಾನು ಜಯನಗರದಲ್ಲಿ ಬೆಳೆದವಳು, ಬನಶಂಕರಿಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್. ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು. ನಮಗೆ ಮಕ್ಕಳಾಗಲಿಲ್ಲ. ಅದಕ್ಕಾಗಿ ಅತ್ತೆ ಒಂದು ದಿನವೂ ನನ್ನನ್ನು ಚುಚ್ಚಿ ಮಾತಾಡಲಿಲ್ಲ. ಹಾಗೆಂದು ಹತ್ತಿರ ಕೂರಿಸಿಕೊಂಡು ನಾಲ್ಕು ಮಾತಾಡಿದವರೂ ಅಲ್ಲ. ಸಾರು ಚೆನ್ನಾಗಿದ್ದರೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು. ನನಗೆ ಸಿಗುತ್ತಿದ್ದ ಮೆಚ್ಚುಗೆ ಅಷ್ಟೇ.

ಆ ವರ್ಷ ಫೆಬ್ರವರಿಯಲ್ಲಿ ಮಹಡಿ ಮನೆಗೆ ತಮಾರ್ ಬಂದಿದ್ದಳು. ಇಸ್ರೇಲಿನವಳು, ವಯಸ್ಸು ಮೂವತ್ತರ ಹತ್ತಿರ. ಇಲ್ಲೇ ಪಕ್ಕದ ಕಾಲೇಜಿನಲ್ಲಿ ಕೆಲವು ತಿಂಗಳು ಓದಿ ವಾಪಸು ಹೋಗುವ ಲೆಕ್ಕದಲ್ಲಿದ್ದಳು. ಅಷ್ಟರಲ್ಲಿ ಕಾಲೇಜು ಮುಚ್ಚಿತು, ವಿಮಾನಗಳು ನಿಂತವು. ಅವಳ ದೇಶದವರು ತಮ್ಮವರನ್ನು ಕರೆದೊಯ್ಯಲು ಬೇರೆ ಊರಿಗೆ ಒಂದು ವಿಮಾನ ಕಳಿಸಿದರಂತೆ. ಆದರೆ ನಮ್ಮ ಬೀದಿ ದಾಟುವುದೇ ಕಷ್ಟವಾಗಿದ್ದಾಗ ಆ ಊರನ್ನು ತಲುಪುವುದು ಹೇಗೆ? ಅವಳು ಇಲ್ಲೇ ಉಳಿದಳು.

ಯುಗಾದಿಯ ಬೆಳಿಗ್ಗೆ ಅತ್ತೆ ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡಿದರು. "ಆ ಹುಡುಗಿ ಒಂದೇ ಕೂತಿದೆ. ಹಬ್ಬದ ದಿನ ಹಂಗೆ ಇರಬಾರ್ದು, ಕರಿ" ಎಂದರು. ಅವಳು ಕೆಳಗಿಳಿದು ಬಂದಳು. ಅತ್ತೆ ಅವಳ ಅಂಗೈಗೆ ಬೇವು ಬೆಲ್ಲ ಹಾಕಿದರು. ಕಹಿ ತಗುಲಿದ ಕೂಡಲೇ ಅವಳ ಮುಖ ಹಿಂಡಿದಂತಾಯಿತು, ಆದರೂ ನುಂಗಿದಳು. ಅತ್ತೆ ಹೆಸರು ಕೇಳಿದರು. "ತಮಾರ್" ಎಂದಳು. ಅತ್ತೆಯ ಬಾಯಲ್ಲಿ ಅದು ತಾವರೆಯಾಯಿತು.

"ಇವರನ್ನು ನಾನು ಏನೆಂದು ಕರೆಯಲಿ?" ಎಂದು ಅವಳು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಮಂಜುನಾಥ್, "ಅಜ್ಜಿ ಅನ್ನಿ" ಎಂದುಬಿಟ್ಟರು. ಅವಳು ಅತ್ತೆಯ ಕಡೆ ತಿರುಗಿ, "ಅಜ್ಜಿ" ಎಂದಳು.

ನಮ್ಮ ಮನೆಯೊಳಗೆ ನಿಂತು ಯಾರೂ ಅತ್ತೆಯನ್ನು ಹಾಗೆ ಕರೆದಿರಲಿಲ್ಲ. ಅವರ ಮುಖದಲ್ಲಿ ಅವತ್ತು ಮೂಡಿದ ಕಳೆಯನ್ನು ನಾನು ಮೊದಲು ನೋಡಿರಲಿಲ್ಲ. ಒಬ್ಬಟ್ಟು ತರುತ್ತೇನೆಂದು ಅಡುಗೆಮನೆಗೆ ಹೋದವಳು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಆಮೇಲಿನ ದಿನಗಳಲ್ಲಿ ಅದಕ್ಕೆ ಕಾರಣಗಳು ಸಿಗುತ್ತಲೇ ಹೋದವು. ಏಪ್ರಿಲ್‌ನಲ್ಲಿ ಅವರ ಪಸ್ಕ ಹಬ್ಬ ಬಂತು. ಆ ಹಬ್ಬಕ್ಕೆ ಹುದುಗು ಬರಿಸದ ಗೋಧಿ ರೊಟ್ಟಿ ತಿನ್ನಬೇಕಂತೆ. ಅವರ ಹಿರಿಯರು ಬೇರೆ ದೇಶದಲ್ಲಿ ಜೀತಕ್ಕಿದ್ದರು, ಬಿಡುಗಡೆಯಾದ ದಿನ ಹಿಟ್ಟು ಹುದುಗು ಬರುವಷ್ಟು ಹೊತ್ತೂ ಇಲ್ಲದೆ ಹೊರಟುಬಿಟ್ಟರು ಎಂಬ ಕತೆ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ, "ಪಾಪ, ಹಸಿದು ಹೋಗಿರ್ತಾರೆ. ಹಿಟ್ಟು ಕಲಸು, ನಾನು ಬೇಯಿಸ್ತೀನಿ" ಎಂದರು. ಹಿಟ್ಟು ಕಲಸಿದವಳು ನಾನು, ಲಟ್ಟಿಸಿದವಳು ನಾನು. ಅತ್ತೆ ಕಾವಲಿಯ ಮೇಲೆ ಎರಡು ಸಲ ತಿರುವಿ ಹಾಕಿದರು. ತಮಾರ್ ಒಂದು ತುಂಡು ಬಾಯಿಗಿಟ್ಟು, "ಅಜ್ಜಿ, ಸೂಪರ್!" ಎಂದಳು.

ಅವತ್ತು ಸಂಜೆ ನಾವೆಲ್ಲ ಮಹಡಿಯ ಮೇಲೆ ದೂರ ದೂರ ಚಾಪೆ ಹಾಕಿಕೊಂಡು ಕೂತೆವು. ಅವಳು ಹಾಡು ಹೇಳಿ, ಕೊನೆಗೆ ಒಂದು ಮಾತು ಹೇಳಿದಳು: ಮುಂದಿನ ವರ್ಷ ಜೆರುಸಲೇಮಿನಲ್ಲಿ. ಅಲ್ಲಿಗೆ ಹೋಗುವ ದಾರಿಯೇ ಇಲ್ಲದ ಕಾಲದಲ್ಲೂ ಅವರ ಜನ ಪ್ರತಿ ವರ್ಷ ಹೀಗೇ ಹೇಳಿಕೊಂಡು ಬಂದರಂತೆ. "ಹೇಳುತ್ತಾ ಇದ್ದರೆ ಮುಂದಿನ ವರ್ಷ ಒಂದಿದೆ ಅನ್ನುವುದು ಮರೆಯುವುದಿಲ್ಲ" ಎಂದಳು. ನಾನು ದಿನಾ ಟಿವಿ ಮುಂದೆ ಕೂತು ಸತ್ತವರ ಸಂಖ್ಯೆ ನೋಡುತ್ತಿದ್ದೆ. ಇವಳು ಊರು ಬಿಟ್ಟು ಸಾವಿರಾರು ಮೈಲಿ ದೂರದಲ್ಲಿ ಸಿಕ್ಕಿಹಾಕಿಕೊಂಡೂ ಮುಂದಿನ ವರ್ಷದ ಮಾತಾಡುತ್ತಿದ್ದಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಅವಳಿಗೆ ತಾಯಿ ಇರಲಿಲ್ಲ. ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಸಾಕಿ ಬೆಳೆಸಿದ್ದು ಹೈಫಾ ಎಂಬ ಊರಿನಲ್ಲಿದ್ದ ಅಜ್ಜಿ. ದಿನವೂ ಫೋನಿನಲ್ಲಿ ಅವರ ಮುಖ ತೋರಿಸುತ್ತಿದ್ದಳು. ಎರಡೂ ಕಡೆಯ ಅಜ್ಜಿಯರು ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆಯೂ ಕೈಯಾಡಿಸಿ ಮಾತಾಡುತ್ತಿದ್ದರು. ನನಗೆ ಅತ್ತೆಯ ಭಾಷೆ ಚೆನ್ನಾಗಿ ಬರುತ್ತಿತ್ತು. ಆದರೆ ನಮ್ಮಿಬ್ಬರ ನಡುವೆ ಹಾಲು, ಮೊಸರು, ಮಾತ್ರೆ ಬಿಟ್ಟರೆ ಮಾತೇ ಇರಲಿಲ್ಲ.

ಜೂನ್‌ನಲ್ಲಿ ಮಂಜುನಾಥ್ ತಮ್ಮ ಎಲೆಕ್ಟ್ರಿಕಲ್ ಅಂಗಡಿ ತೆರೆದರು. ಆಗಸ್ಟ್‌ನಲ್ಲಿ ಅವರಿಗೆ ಜ್ವರ ಬಂತು. ಮರುದಿನ ನನಗೂ ಬಂತು. ಪರೀಕ್ಷೆ ಮಾಡಿಸಿದಾಗ ನಮ್ಮಿಬ್ಬರಿಗೂ ಕೊರೋನಾ, ಅತ್ತೆಗೆ ಇಲ್ಲ. ಅತ್ತೆಗೆ ಎಪ್ಪತ್ತು ದಾಟಿತ್ತು, ಸಕ್ಕರೆ ಕಾಯಿಲೆ ಬೇರೆ. ಅವರನ್ನು ಎಲ್ಲಿಗೆ ಕಳಿಸುವುದು? ಮಂಜುನಾಥ್ ಬೇಗೂರಿನಲ್ಲಿದ್ದ ಅತ್ತೆಯ ತಂಗಿಗೆ ಫೋನ್ ಮಾಡಿದರು. "ತಪ್ಪು ತಿಳ್ಕೋಬೇಡ ಕಣೋ, ಇಲ್ಲಿ ಚಿಕ್ಕ ಮಕ್ಕಳಿದಾವೆ" ಎಂದರು ಅವರು. ತಪ್ಪು ತಿಳಿಯುವಂಥದ್ದೇನೂ ಇರಲಿಲ್ಲ. ಆ ಹೊತ್ತಿನಲ್ಲಿ ಎಲ್ಲರಿಗೂ ಭಯವಿತ್ತು.

ಅಷ್ಟರಲ್ಲಿ ಮೇಲಿನಿಂದ ತಮಾರ್ ಫೋನ್ ಮಾಡಿದಳು. "ಅಜ್ಜಿಯನ್ನು ಮೇಲೆ ಕಳಿಸಿ."

ಆ ವಾರವೇ ಅವಳಿಗೆ ವಿಶೇಷ ವಿಮಾನದಲ್ಲಿ ಜಾಗ ಸಿಕ್ಕಿತ್ತು. ಪೆಟ್ಟಿಗೆ ಕೂಡ ಕಟ್ಟಿಕೊಂಡಿದ್ದಳು. ಮಂಜುನಾಥ್, "ಮತ್ತೆ ನಿಮ್ಮ ಫ್ಲೈಟು?" ಎಂದರೆ, "ಇನ್ನೊಂದು ಬರುತ್ತದೆ" ಎಂದಳು.

ಅತ್ತೆ ಒಂದು ಚೀಲಕ್ಕೆ ಎರಡು ಸೀರೆ, ಮಾತ್ರೆ, ಎಲೆಅಡಿಕೆ ತುಂಬಿಕೊಂಡು ಮೆಟ್ಟಿಲು ಹತ್ತಿದರು. ಮಂಡಿನೋವು, ಒಂದೊಂದೇ ಮೆಟ್ಟಿಲು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ಒಂದು ಸಲವೂ ತಿರುಗಿ ನೋಡಲಿಲ್ಲ.

ಮೂರ್ನಾಲ್ಕು ದಿನ ಕಳೆಯುವಷ್ಟರಲ್ಲಿ ಮಂಜುನಾಥ್ ಚೇತರಿಸಿಕೊಂಡರು. ನನಗೆ ಉಸಿರು ಕಟ್ಟತೊಡಗಿತು. ಹಾಸಿಗೆಯಿಂದ ಬಚ್ಚಲುಮನೆಗೆ ಹೋಗಿ ಬಂದರೆ ಬೆಟ್ಟ ಹತ್ತಿದಂತೆ. ಆಂಬುಲೆನ್ಸ್ ಬಂತು. ಮೈಗೆಲ್ಲ ಬಿಳಿ ಉಡುಪು ಹಾಕಿಕೊಂಡ ಇಬ್ಬರು ನನ್ನನ್ನು ಹತ್ತಿಸಿಕೊಂಡರು. ಬೀದಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ಇನ್ನು ಈ ಬೀದಿ ನೋಡುತ್ತೇನೋ ಇಲ್ಲವೋ ಎನ್ನಿಸಿತು.

ಆಸ್ಪತ್ರೆಯಲ್ಲಿ ನನ್ನ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದರು. ಪಕ್ಕದ ಮಂಚದಲ್ಲಿದ್ದ ಹೆಂಗಸು ಎರಡನೆಯ ದಿನ ಹೋಗಿಬಿಟ್ಟರು. ಆ ಮಂಚಕ್ಕೆ ಸಂಜೆಯೊಳಗೆ ಇನ್ನೊಬ್ಬರು ಬಂದರು. ಯಾರೂ ಯಾರ ಹೆಸರನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ನರ್ಸ್ ಒಬ್ಬರು ದಿನಕ್ಕೊಂದು ಸಲ ನನ್ನ ಫೋನ್ ಹಿಡಿದು ವಿಡಿಯೋ ಕಾಲ್ ಮಾಡಿಸುತ್ತಿದ್ದರು.

ಆ ಫೋನಿನಲ್ಲಿ ನಾನು ಕಂಡದ್ದೇನು? ಅತ್ತೆ ಮಹಡಿಯ ಬಿಸಿಲಿನಲ್ಲಿ ಕೂತಿದ್ದಾರೆ, ತಮಾರ್ ಹಿಂದೆ ಕೂತು ಅವರ ತಲೆ ಬಾಚುತ್ತಿದ್ದಾಳೆ, ಇಬ್ಬರೂ ನಗುತ್ತಿದ್ದಾರೆ. ಇನ್ನೊಂದು ದಿನ ಅತ್ತೆ ಅವಳಿಗೆ ಮುದ್ದೆ ನುಂಗಲು ಕಲಿಸುತ್ತಿದ್ದಾರೆ, ಅವಳು ಅಗಿಯುತ್ತಿದ್ದಾಳೆ, ಮತ್ತೆ ನಗು. "ಹೆಂಗಿದೀಯಾ? ಊಟ ಸೇರ್ತಾ?" ಎಂದು ಅತ್ತೆ ಕೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. "ಸರಿ, ಮಲಕ್ಕೋ" ಎಂದು ಇಟ್ಟುಬಿಡುತ್ತಿದ್ದರು.

ಉಸಿರಿಗೆ ಹೋರಾಡುತ್ತಿದ್ದವಳಿಗೆ ಹೊಟ್ಟೆಕಿಚ್ಚು ಪಡಲು ಶಕ್ತಿ ಎಲ್ಲಿಂದ ಬಂತೋ ಗೊತ್ತಿಲ್ಲ. ಫೋನ್ ಇಟ್ಟ ಮೇಲೆ ಗೋಡೆಯ ಕಡೆ ತಿರುಗಿ ಅಳುತ್ತಿದ್ದೆ. ನಾನಿಲ್ಲಿ ಸಾಯುತ್ತಿದ್ದೇನೆ, ಅವರಲ್ಲಿ ನಗುತ್ತಿದ್ದಾರೆ. ಇಷ್ಟು ವರ್ಷ ಬಡಿಸಿದವಳು ನಾನು, ಮೊನ್ನೆ ಬಂದವಳು ಮೊಮ್ಮಗಳಾದಳು. ಮನೆಗೆ ಹೋಗಿಯೇ ತೀರಬೇಕು, ಹೋಗಿ ನನ್ನ ಜಾಗದಲ್ಲಿ ಕೂರಬೇಕು ಎಂದು ಹಟ ಹುಟ್ಟಿತು. ಆ ಹಟದಿಂದಲೇ ಗಂಜಿ ಕುಡಿದೆ, ಬೋರಲು ಮಲಗು ಎಂದಾಗ ಮಲಗಿದೆ. ಡಾಕ್ಟರು, "ನಿಮ್ಮ ವಿಲ್ ಪವರ್ ಚೆನ್ನಾಗಿದೆ ಮೇಡಂ" ಎಂದರು. ಅದೇನೆಂದು ಅವರಿಗೆ ಹೇಳಲಿಲ್ಲ.

ತಿಂಗಳ ಕೊನೆಗೆ ಮನೆಗೆ ಬಂದೆ. ಕೋಣೆಯಲ್ಲಿ ಒಬ್ಬಳೇ ಇದ್ದು ಹೊರಗೆ ಬರುವಷ್ಟರಲ್ಲಿ ಸೆಪ್ಟೆಂಬರ್ ಕಾಲಿಟ್ಟಿತ್ತು. ಅತ್ತೆ ಕೆಳಗೆ ಇಳಿದು ಬಂದಿದ್ದರು. ಆಗಲೇ ನನಗೆ ಮಂಜುನಾಥ್ ವಿಷಯ ತಿಳಿಸಿದ್ದು. ನಾನು ಆಸ್ಪತ್ರೆಯಲ್ಲಿದ್ದಾಗ ಹೈಫಾದಲ್ಲಿದ್ದ ತಮಾರಳ ಅಜ್ಜಿ ತೀರಿಕೊಂಡಿದ್ದರು. ಆ ವಿಮಾನ ಹತ್ತಿದ್ದರೆ ಅವಳು ಅಜ್ಜಿಯನ್ನು ಜೀವಂತವಾಗಿ ನೋಡುತ್ತಿದ್ದಳು.

ಅವರಲ್ಲಿ ಸತ್ತವರ ಮನೆಯವರು ಏಳು ದಿನ ಕೆಳಗೆ ಕೂರುತ್ತಾರಂತೆ. ಊರವರೆಲ್ಲ ಅಡುಗೆ ತಂದು ಕೊಟ್ಟು ಪಕ್ಕದಲ್ಲಿ ಕೂರುತ್ತಾರಂತೆ. ಇಲ್ಲಿ ಅವಳಿಗೆ ಯಾವ ಊರವರು? ನಮ್ಮತ್ತೆ ಆ ಏಳೂ ದಿನ ಅವಳ ಜೊತೆ ನೆಲದ ಮೇಲೆ ಕೂತಿದ್ದರು. ಮಂಡಿ ಮಡಚಲಾಗದಿದ್ದರೂ ಕೂತಿದ್ದರು. ಹೊಟ್ಟೆಕಿಚ್ಚು ಎಲ್ಲಿಗೆ ಹೋಯಿತು ಎಂದು ಕೇಳಿದರೆ, ಹೋಗಲಿಲ್ಲ. ಅದರ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತು.

ಆ ತಿಂಗಳ ನಡುವೆ ಅವರ ಹೊಸ ವರ್ಷ ಬಂತು. ತಮಾರ್ ಗಾಡಿಯವನಿಂದ ಸೇಬು ಕೊಂಡು, ಜೇನುತುಪ್ಪದ ಬಾಟಲಿ ಇಟ್ಟುಕೊಂಡು ನಮ್ಮನ್ನು ಮಹಡಿಗೆ ಕರೆದಳು. ಇನ್ನೂ ಬೆಳಕಿತ್ತು. ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ಅತ್ತೆಯ ಕೈಗಿಟ್ಟಳು. ಅತ್ತೆ ಬಟ್ಟಲನ್ನು ಹುಡುಕುವವರಂತೆ ನೋಡಿ, "ಬರೀ ಸಿಹಿನಾ? ಬೇವೆಲ್ಲಿ?" ಎಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ತಮಾರ್ ನಕ್ಕಳು. "ಅದನ್ನು ವರ್ಷವಿಡೀ ತಿಂದೆವಲ್ಲ" ಎಂದಳು.

ಆಮೇಲೆ ಅವಳೇ ಒಂದು ಮಾತು ಎತ್ತಿದಳು. ಅವಳ ಅಜ್ಜಿ ಈ ದಿನ ಮನೆಯವರನ್ನೆಲ್ಲ ಕೂರಿಸಿ, ಕಳೆದ ವರ್ಷ ಏನು ಒಳ್ಳೆಯದು ಕೊಟ್ಟಿತು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರಂತೆ. ಏನೂ ಇಲ್ಲ ಅನ್ನುವಂತಿರಲಿಲ್ಲವಂತೆ. "ಈ ವರ್ಷ ನಾನು ಕೇಳುತ್ತೇನೆ" ಎಂದಳು. ಅಜ್ಜಿ ಹೋಗಿ ಇನ್ನೂ ತಿಂಗಳಾಗಿತ್ತೋ ಇಲ್ಲವೋ. ಮಂಜುನಾಥ್ ಅಂಗಡಿ ಉಳಿಯಿತು ಎಂದರು. ನನ್ನ ಸರದಿ ಬಂದಾಗ, "ನೀವೇ ಮೊದಲು ಹೇಳಿ" ಎಂದೆ.

"ನನ್ನ ಅಜ್ಜಿ ಹೋದಾಗ ನಾನು ಒಂಟಿಯಾಗಿರಲಿಲ್ಲ. ನನಗೆ ಈ ವರ್ಷ ಕೊಟ್ಟದ್ದು ಅದು" ಎಂದಳು. ನನ್ನನ್ನೇ ನೋಡುತ್ತಾ ಮುಂದುವರಿಸಿದಳು. "ನಿಮಗೊಂದು ವಿಷಯ ಹೇಳಬೇಕು. ನೀವು ಆಸ್ಪತ್ರೆಯಲ್ಲಿದ್ದಾಗ ನಾವು ನಗುತ್ತಿದ್ದೆವಲ್ಲ, ಅದು ಅಜ್ಜಿ ಮಾಡಿಸಿದ್ದು. ಫೋನ್ ಬರುವ ಹೊತ್ತಿಗೆ ಕಣ್ಣು ಒರೆಸಿಕೊಂಡು, ನನಗೂ ಮುಖ ತೊಳೆದುಕೋ ಎಂದು ಸನ್ನೆ ಮಾಡುತ್ತಿದ್ದರು. 'ನಗು, ನಗು' ಎನ್ನುತ್ತಿದ್ದರು. ನಾನು ಕಲಿತ ಕನ್ನಡದಲ್ಲಿ ಅದೂ ಒಂದು. ಫೋನ್ ಇಟ್ಟ ಮೇಲೆ ನಿಮ್ಮ ಹೆಸರು ಹೇಳಿಕೊಂಡು ಅಳುತ್ತಿದ್ದರು."

ಅತ್ತೆಗೆ ಇಂಗ್ಲಿಷ್ ತಿಳಿಯದು. ಆದರೆ ನನ್ನ ಮುಖ ನೋಡಿ ಏನೋ ತಿಳಿಯಿತು. "ಏನಂತೆ ಅವಳದು?" ಎಂದರು.

"ಈ ವರ್ಷ ಏನು ಒಳ್ಳೇದಾಯ್ತು ಅಂತ ಕೇಳ್ತಿದಾಳೆ ಅತ್ತೆ. ನಿಮ್ಮನ್ನೂ ಕೇಳ್ತಿದಾಳೆ" ಎಂದೆ.

ಅತ್ತೆ ಸೇಬನ್ನು ಅಗಿದು ಮುಗಿಸಿದರು. "ಅದೇನು ಕೇಳೋದು? ನಮ್ ಶೈಲಾ ಬದುಕಿ ಮನೆಗ್ ಬಂದ್ಲಲ್ಲ. ಇನ್ನೇನು ಬೇಕು?" ಎಂದವರೇ ಜೇನಿನ ಬಟ್ಟಲನ್ನು ನನ್ನ ಕಡೆ ತಳ್ಳಿದರು. "ತಿನ್ನು. ಬರೀ ಮೂಳೆ ಆಗಿದೀಯ."

ನಾನು ತಿಂದೆ. ಜೇನು ಸಿಹಿಯಾಗಿತ್ತೋ ಉಪ್ಪಾಗಿತ್ತೋ ನನಗೆ ಗೊತ್ತಾಗಲಿಲ್ಲ.

ಡಿಸೆಂಬರ್‌ನಲ್ಲಿ ತಮಾರ್ ಹೊರಟಳು. ಅವಳ ದೇಶದಲ್ಲಿ ಬೇಗನೆ ಎಲ್ಲರಿಗೂ ಲಸಿಕೆ ಸಿಕ್ಕಿತು. ಮರುವರ್ಷ ಇಲ್ಲಿ ಎರಡನೆಯ ಅಲೆ ಬಂದು ನಾವು ಮತ್ತೆ ಬಾಗಿಲು ಹಾಕಿಕೊಂಡು ನಡುಗುತ್ತಿದ್ದಾಗ ಅವಳು ಮಾಸ್ಕ್ ಇಲ್ಲದೆ ಸಮುದ್ರದ ದಂಡೆಯಲ್ಲಿ ನಿಂತ ಫೋಟೋ ಕಳಿಸಿದಳು. ಆಗ ಅವಳ ಇಡೀ ದೇಶದ ಮೇಲೇ ಹೊಟ್ಟೆಕಿಚ್ಚುಪಟ್ಟೆ. ಅತ್ತೆ ಮಾತ್ರ ಫೋಟೋ ನೋಡಿ, "ಸದ್ಯ, ಆ ಮಗು ಬಚಾವಾಯ್ತು. ನಮಗೂ ಅಂಥಾ ದಿನ ಬರುತ್ತೆ ಬಿಡು" ಎಂದರು. ಹುಡುಗಿಯ ಗುಣ ಮುದುಕಿಗೆ ಅಂಟಿಕೊಂಡಿತ್ತು. ನನಗೂ ಸ್ವಲ್ಪ ಅಂಟಿರಬೇಕು. ಅವತ್ತು ಟಿವಿ ಆರಿಸಿದವಳು ನಾನೇ.

ಈಗಲೂ ಪ್ರತಿ ಶುಕ್ರವಾರ ತಮಾರ್ ಫೋನ್ ಮಾಡುತ್ತಾಳೆ. ಮೊದಲು ಕೇಳುವುದು ಅಜ್ಜಿಯನ್ನೇ. ಅತ್ತೆ ಕನ್ನಡದಲ್ಲಿ, ಅವಳು ಅರೆಬರೆ ಕನ್ನಡದಲ್ಲಿ, ಎಷ್ಟೋ ಹೊತ್ತು ಮಾತಾಡುತ್ತಾರೆ. ಆ ಹೊತ್ತಿಗೆ ನನ್ನೊಳಗೆ ಹಳೆಯದು ಸಣ್ಣಗೆ ತಲೆಯೆತ್ತುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಒಬ್ಬರ ಮನಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗವಾದರೆ ನನ್ನ ಜಾಗ ಕಡಿಮೆಯಾಗುವುದಿಲ್ಲ ಎಂಬುದು ನಲವತ್ತು ದಾಟಿದ ಮೇಲೆ ನನಗೆ ತಿಳಿಯಿತು.

ಹೋದ ಶುಕ್ರವಾರ ಮಾತು ಮುಗಿಸಿ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು. "ತಾವರೆ ನಿನ್ನನ್ನೂ ಕೇಳಿದ್ಲು ಕಣೆ" ಎಂದರು.

"ಏನಂದ್ರಿ?"

"ಚೆನ್ನಾಗಿದಾಳೆ, ಕೈ ಒಗ್ಗರಣೆ ಹಾಕ್ತಾ ಇದೆ, ಕಿವಿ ಮಾತ್ರ ಇಲ್ಲೇ ಇದೆ ಅಂದೆ."