ತುಂಡು ಬಿಟ್ಟು ಎಸರು ಕುಡಿದ ದೊಡ್ಡಪ್ಪ

ಬಲಗಾಲಿನ ಹೆಬ್ಬೆರಳು ಹಣ್ಣಾದ ಟೊಮ್ಯಾಟೊ ಹಾಗೆ ಕೆಂಪಗೆ ಊದಿರುತ್ತಿತ್ತು. ಅದಕ್ಕೆ ಜಾಗ ಬೇಕೆಂದು ದೊಡ್ಡಪ್ಪ ಚಪ್ಪಲಿಯ ಮುಂದಿನ ಪಟ್ಟಿಯನ್ನೇ ಕತ್ತರಿಸಿಬಿಟ್ಟಿದ್ದರು. ರಾವೂರಿನ ಅವರ ಮನೆಗೆ ಹೋದಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಆ ಬೆರಳನ್ನು.

ಅವರು ನನ್ನ ಅಪ್ಪನ ಅಣ್ಣ. ವಯಸ್ಸೆಲ್ಲ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ದುಡಿದವರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಗ ಐತವಾರ ಅವರು ಡಬ್ಬಿ ಕಟ್ಟಿಸಿಕೊಂಡು, ವಾಡಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಬರುತ್ತಿದ್ದರು. ಡಬ್ಬಿಯಲ್ಲಿ ಮಜ್ಜೆ ತುಂಬಿದ ನಳ್ಳಿ ಎಲುಬು ಖಾತ್ರಿ. "ತಿನ್ನು ಯವ್ವಾ. ನನಗೂ ನಿಮ್ಮಪ್ಪಗೂ ಸಣ್ಣಾವ್ರಿದ್ದಾಗ ಸಿಗಲಾರದ್ದು. ಓದೋ ತಲಿಗಿ ಕಸುವು ಬೇಕು."

ಮಾಂಸ ಅವರಿಗೆ ಬರೀ ರುಚಿಯಾಗಿರಲಿಲ್ಲ. ಹುಡುಗನಾಗಿ ಜೀತಕ್ಕಿದ್ದ ಮನೆಯಲ್ಲಿ "ಮಾಂಸ ತಿಂದು ಬಂದಾನ, ದೂರ ಕುಂದ್ರಸ್ರಿ" ಎಂದು ಅಂಗಳದಾಚೆ ಕೂರಿಸುತ್ತಿದ್ದರಂತೆ. ಹಾಗಾಗಿ ಐತವಾರ ಒಲೆಯ ಮೇಲೆ ಮಟನ್ ಕುದಿಯುವಾಗ ದೊಡ್ಡಪ್ಪ ಬೀದಿಬಾಗಿಲು ಮುಚ್ಚಗೊಡುತ್ತಿರಲಿಲ್ಲ. ವಾಸನೆ ಓಣಿಗೆಲ್ಲ ಹೋಗಲಿ ಎನ್ನುತ್ತಿದ್ದರು.

ಚಿತ್ತಾಪುರದ ಡಾಕ್ಟರು ರಕ್ತದ ರಿಪೋರ್ಟ್ ನೋಡಿದರು. ಯೂರಿಕ್ ಆಸಿಡ್ ಏರಿದೆ, ಬೆರಳು ಊದುವುದು ಅದಕ್ಕೇ, ಕಿಡ್ನಿಗೂ ಪೆಟ್ಟು ಬಿದ್ದಿದೆ. ಮಟನ್ ತುಂಡು ಬಿಡಿ, ಲಿವರ್, ಕಲೇಜಿ ಅಂತೂ ಮುಟ್ಟಬೇಡಿ, ನೀರು ಹೆಚ್ಚು ಕುಡಿಯಿರಿ ಎಂದರು. ದೊಡ್ಡಪ್ಪ ಹೂಂ ಎಂದರು. ಆದರೂ ಮುಂದಿನ ಸಲ ಹೋದಾಗ ಬೆರಳು ಇನ್ನಷ್ಟು ಉಬ್ಬಿತ್ತು. ನಾನು ದೊಡ್ಡವ್ವನ ಮುಖ ನೋಡಿದೆ.

"ತುಂಡು ಒಂದೂ ಮುಟ್ಟಂಗಿಲ್ಲವ್ವ," ಎಂದಳು. "ಮಟನ್ ಕುದ್ದ ಎಸರು ಮಾತ್ರ ತಾಟು ತುಂಬ ಹಾಕಿಸಿಕೊಂಡು, ರೊಟ್ಟಿ ಮುರದು ಹೊಡೀತಾರ."

"ಡಾಕ್ಟರ್ ತುಂಡು ಬ್ಯಾಡ ಅಂದಾನ. ಎಸರಿನ ಮಾತೇ ತಗದಿಲ್ಲ," ಎಂದರು ದೊಡ್ಡಪ್ಪ, ಗೆದ್ದವರಂತೆ. ಎದೆಗಿಳಿದ ಕಲ್ಲಿನ ಧೂಳನ್ನು ಬಿಸಿ ಎಸರು ತೊಳೆಯುತ್ತದೆಂದು ಅವರ ಜೊತೆಯ ಖಣಿಯವರೆಲ್ಲ ನಂಬಿದ್ದರು.

"ದೊಡ್ಡಪ್ಪ, ಬೆರಳು ಉಬ್ಬಸೋದೆಲ್ಲ ಕುದ್ದು ಎಸರಿಗೇ ಇಳೀತದ. ಕಿಡ್ನಿ ಹೋದ್ರ ಏನ್ ಮಾಡ್ತಿ?"

ಅವರ ಮುಖ ಕಪ್ಪಿಟ್ಟಿತು. "ನಾಕ ಅಕ್ಷರ ಕಲ್ತು ನೀನೂ ಆ ಜೀತದ ಮನಿಯವರಂಗೇ ಮಾತಾಡಾಕತ್ತಿ? ನಾವು ತಿನ್ನೋದು ನಿನಗೂ ನಾರಾಕತ್ತದೇನು?"

ಅವತ್ತಿನಿಂದ ರಾವೂರಿನ ಫೋನು ಬಂದರೆ ಬೆರಳು ಹೇಗಿದೆ ಎಂದಷ್ಟೇ ಕೇಳುತ್ತಿದ್ದೆ, ಎಸರಿನ ಮಾತು ಎತ್ತುತ್ತಿರಲಿಲ್ಲ. ಹೇಳಿದರೆ ಮನುಷ್ಯ ದೂರ, ಹೇಳದಿದ್ದರೆ ಮನುಷ್ಯನೇ ಇಲ್ಲ.

ಆ ಬೇಸಿಗೆ ಊರಾಚೆ ಕೋಳಿ ಶೆಡ್ಡುಗಳು ಎದ್ದವು. ಶೆಡ್ಡಿನವರ ಬೋರ್‌ವೆಲ್ ಹಗಲೆಲ್ಲ ಓಡಿತು. ದೊಡ್ಡಪ್ಪನ ಓಣಿಯ ಕೈಪಂಪು ಬರೀ ಗಾಳಿ ಉಗುಳಿತು. ದೊಡ್ಡವ್ವ ಖಾಲಿ ಕೊಡ ತಂದಿಟ್ಟಳು. "ಡಾಕ್ಟರ್ ನೀರು ಕುಡಿ ಅಂದಾನ. ಎಲ್ಲಿಂದ ಕುಡಸ್ಲಿ?"

ದೊಡ್ಡಪ್ಪ ಆ ಕತ್ತರಿಸಿದ ಚಪ್ಪಲಿ ಮೆಟ್ಟಿ ಕುಂಟುತ್ತ ಶೆಡ್ಡಿಗೆ ಹೋದರು. ನಾನೂ ಹಿಂದೆ ಹೋದೆ. ಕಾವಲುಗಾರ ಒಂದು ಕೊಡ ತುಂಬಿ ಕೊಟ್ಟ. "ದಿನಾ ಬರಬ್ಯಾಡ ಅಜ್ಜಾ. ನೀರು ನಿಂತ್ರ ಇವು ಬಿಸಲಿಗಿ ಸಾಯ್ತಾವ."

ಒಳಗೆ ಕಣ್ಣು ಹಾಯುವವರೆಗೂ ಬಿಳಿ ಕೋಳಿ. ದೊಡ್ಡಪ್ಪ ಬಹಳ ಹೊತ್ತು ನೋಡಿದರು. "ಇಷ್ಟು ಯಾರು ತಿಂತಾರ?"

"ನಾವೇ," ಎಂದೆ ನಾನು. "ವಾಡಿ, ಶಹಾಬಾದ, ಸೇಡಂ, ಎಲ್ಲಾರೂ. ಹಬ್ಬಕ್ಕಿದ್ದದ್ದು ದಿನಾ ಆಗ್ಯಾದ."

ಅವರು ಕೊಡ ಹೆಗಲಿಗೇರಿಸಿ ಮನೆಯತ್ತ ಕುಂಟಿದರು. ಐತವಾರ ದೊಡ್ಡವ್ವ ಎಸರು ಬಡಿಸಲು ಬಂದಾಗ ತಾಟಿಗೆ ಕೈ ಅಡ್ಡ ಹಿಡಿದರು. "ನೀ ಹೇಳ್ದಿ ಅಂತ ಅಲ್ಲ ಮತ್ತ," ಎಂದರು ನನ್ನ ಕಡೆ ತಿರುಗಿ. "ದಿನಾ ಮಾಂಸ ಬೇಕಂತ ನಮ್ಮ ಪಂಪಿನ ನೀರು ನಾವೇ ತಿನ್ನಾಕತ್ತೀವಿ, ಅದಕ್ಕ. ಹಬ್ಬಕ್ಕ ತಿಂತೀನಿ. ಹಬ್ಬಕ್ಕೂ ಬ್ಯಾಡ ಅಂದಿ ಅಂದ್ರ ನನ್ನ ಮನಿಗಿ ಬರಬ್ಯಾಡ."

ಬೆರಳಿನ ಕೆಂಪು ಇಳಿಯಿತು. ಕಿಡ್ನಿ ಮಾತ್ರ ಸುಧಾರಿಸಲಿಲ್ಲ. ಮುಂದಿನ ದಸರೆಯ ಮಟನ್ ಉಂಡರು, ಯುಗಾದಿ ಕಾಣಲಿಲ್ಲ.

ಮಣ್ಣು ಮಾಡಿದ ಮೂರನೇ ದಿನ, ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ದೊಡ್ಡವ್ವ ಸೌಟು ಹಿಡಿದು ನಿಂತು ನನ್ನನ್ನೇ ಕೇಳಿದಳು: "ಓದಿದಾಕಿ ನೀ ಹೇಳವ್ವ. ತುಂಡು ಹಾಕ್ಲೋ, ಎಸರು ಹಾಕ್ಲೋ?"

"ಎರಡೂ ಹಾಕು ದೊಡ್ಡವ್ವ."

ಪಕ್ಕದಲ್ಲಿ ನಾನು ಒಂದು ತಂಬಿಗೆ ನೀರಿಟ್ಟೆ. ಮಳೆಯಾದ ಮೇಲೆ ತುಸು ಜೀವ ಬಂದಿದ್ದ ಕೈಪಂಪು ಹೊಡೆದೂ ಹೊಡೆದೂ ತುಂಬಿದ ನೀರು.

ಈಗ ನನ್ನ ತಮ್ಮ ಕುಂಟಿದಂತೆ ಕಂಡರೂ ಅವನ ಕಾಲನ್ನೇ ನೋಡುತ್ತೇನೆ. ನನ್ನ ಮನೆಯಲ್ಲಿ ಮಟನ್ ಹಬ್ಬಕ್ಕೆ ಮಾತ್ರ. ಆ ದಿನ ಬೀದಿಬಾಗಿಲು ಪೂರ್ತಿ ತೆರೆದಿಡುತ್ತೇನೆ.